ಅಮ್ಮ ನಿಂತ ಜಾಗ

ಕೊರಳಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡು ಯಾವುದಾದರೂ ಹಳೆಯ ದೇವಸ್ಥಾನದ ಅಂಗಳಕ್ಕೆ ಒಮ್ಮೆ ಕಾಲಿಟ್ಟು ನೋಡಿ; ಐದೇ ನಿಮಿಷದಲ್ಲಿ ಅಪರಿಚಿತರೊಬ್ಬರು ತಮ್ಮ ಮೊಬೈಲನ್ನು ನಿಮ್ಮ ಕೈಗಿಟ್ಟು, 'ಸರ್, ನಮ್ದೊಂದು ಫೋಟೋ' ಎನ್ನದಿದ್ದರೆ ಆಮೇಲೆ ನನ್ನನ್ನು ಕೇಳಿ. ಕ್ಯಾಮೆರಾ ದೊಡ್ಡದಿದ್ದಷ್ಟೂ ಅದರ ಹಿಂದಿರುವ ಮನುಷ್ಯನೂ ದೊಡ್ಡ ಕಲಾವಿದನಿರಬೇಕೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ, ಮತ್ತು ಆ ನಂಬಿಕೆಯನ್ನು ಅಲುಗಾಡಿಸುವಷ್ಟು ಪ್ರಾಮಾಣಿಕತೆ ನನ್ನಲ್ಲಿಲ್ಲ. ಹೀಗೆ ನವದಂಪತಿಗಳಿಂದ ಹಿಡಿದು ನಿವೃತ್ತರ ಸಂಘದವರೆಗೆ ನನ್ನ ಬೆರಳಿನ ಕೃಪೆಗೆ ಪಾತ್ರರಾದವರು ಅಸಂಖ್ಯ. ಆದರೆ ನನ್ನ ಕ್ಯಾಮೆರಾವನ್ನು ಮಾತ್ರ ನಾನು ಯಾರ ಕೈಗೂ ಕೊಟ್ಟವನಲ್ಲ. ಆದ್ದರಿಂದ ನಾನು ಇಷ್ಟೆಲ್ಲ ಊರು ಸುತ್ತಿದ್ದಕ್ಕೆ ನನ್ನ ಕಾಲುನೋವನ್ನು ಬಿಟ್ಟರೆ ಬೇರೆ ಪುರಾವೆಯಿಲ್ಲ.

ಮೈಸೂರಿನಲ್ಲಿ ನೌಕರಿ ಮುಗಿಸಿ ಮನೆಯಲ್ಲಿ ಕುಳಿತ ಮೇಲೆ ನನಗೆ ಅಂಟಿಕೊಂಡ ವ್ಯಾಧಿ ಇದು: ವಾರಾಂತ್ಯ ಬಂತೆಂದರೆ 'ಸ್ಪಾಟು' ಹುಡುಕುವುದು. ಈ ಶಬ್ದವನ್ನು ನಮ್ಮ ಛಾಯಾಗ್ರಾಹಕರ ಬಳಗದಲ್ಲಿ ಋಷಿಗಳು 'ತಪೋವನ' ಎನ್ನುತ್ತಿದ್ದಷ್ಟೇ ಭಕ್ತಿಯಿಂದ ಉಚ್ಚರಿಸುತ್ತಾರೆ. ಬೇರೆಯವರು ಇನ್ನೂ ಮುಟ್ಟದ ಒಂದು ಮೆಟ್ಟಿಲು, ಒಂದು ಕೆರೆಯಂಚು, ಸಂಜೆಯ ಬಿಸಿಲು ಓರೆಯಾಗಿ ಬೀಳುವ ಒಂದು ಕಂಬ ಸಿಕ್ಕಿದರೆ ಸಾಕು, ನಮಗೆ ಮೋಕ್ಷ. ಕಳೆದ ವರ್ಷ ಇದೇ ಬಳಗದಲ್ಲಿ 'ನೆರಳು ಮತ್ತು ಬೆಳಕು' ಎಂಬ ವಿಷಯವಾಗಿ ಒಂದು ಗಂಟೆ ಉಪನ್ಯಾಸವನ್ನೂ ಕೊಟ್ಟಿದ್ದೇನೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದೆ ನನ್ನನ್ನು ನೋಡಿ ನಗುವಾಗ ನಿಮಗೆ ಅನುಕೂಲವಾಗಲೆಂದು ಹೇಳಿದೆ.

ಹೊಳೆನರಸೀಪುರದಲ್ಲಿ ನನ್ನ ಅಕ್ಕ ಸರೋಜಕ್ಕ ಇದ್ದಾಳೆ. ಮೂವತ್ತು ವರ್ಷ ಮೇಷ್ಟರಿಕೆ ಮಾಡಿದವಳಾದ್ದರಿಂದ, ಈಗಲೂ ನಾನು ಅವಳ ಎದುರು ಕುಳಿತರೆ ಉಗುರು ಕತ್ತರಿಸಿದ್ದೇನೆಯೇ ಎಂದು ಒಮ್ಮೆ ನೋಡಿಕೊಳ್ಳುತ್ತೇನೆ. ಅವಳ ಮನೆಯ ನಡುಕೋಣೆಯಲ್ಲಿ ಅಮ್ಮನ ಒಂದು ಕಪ್ಪುಬಿಳುಪು ಫೋಟೋ ಇದೆ. ಅಮ್ಮ ಆಗಷ್ಟೇ ಮದುವೆಯಾದವಳು. ಮುಡಿಯಲ್ಲಿ ಮಲ್ಲಿಗೆ, ಮುಂಗೈಯಲ್ಲಿ ಗಡಿಯಾರ, ತೋಳಿನಲ್ಲಿ ಪುಟ್ಟ ಬ್ಯಾಗು. ಕೆತ್ತನೆಯ ಕಂಬವೊಂದಕ್ಕೆ ಒರಗಿ ನಗು ತಡೆದುಕೊಂಡು ನಿಂತಿದ್ದಾಳೆ. ಹಿಂದೆ ಗುಡಿಯ ಮೆಟ್ಟಿಲು, ಗೋಪುರ, ಅದರಾಚೆ ಒಂದಿಷ್ಟು ನೀರು.

'ಬರೋ ತಿಂಗಳು ನಂಗೆ ಎಪ್ಪತ್ತಾಗತ್ತೆ ಕಣೋ. ಅಮ್ಮ ನಿಂತಿದ್ದ ಜಾಗದಲ್ಲಿ ನಾನೂ ಒಂದ್ಸಲ ನಿಂತ್ಕೋಬೇಕು. ನೀನು ಊರೂರು ಸುತ್ತಿ ಸ್ಪಾಟು ಹುಡುಕೋನು, ನಂಗೆ ಇದೊಂದು ಹುಡುಕಿಕೊಡು' ಎಂದಳು ಅಕ್ಕ, ಆ ಶನಿವಾರ ಬೆಳಗ್ಗೆ ನಾನು ಹೋಗಿ ಕಾಫಿ ಕುಡಿಯುತ್ತಿದ್ದಾಗ.

ಇದು ಹುಟ್ಟುಹಬ್ಬದ ಹುಚ್ಚಾಟವಲ್ಲವೆಂದು ನನಗೆ ಗೊತ್ತಿತ್ತು. ನಮಗೆ ಬುದ್ಧಿ ತಿಳಿದ ಮೇಲೆ ಅಮ್ಮ ಅಡುಗೆಮನೆ ಬಿಟ್ಟು ಹೋದದ್ದು ಬಾಣಂತನಗಳಿಗೆ ಮತ್ತು ಸಾವುಗಳಿಗೆ ಮಾತ್ರ, ಅಲ್ಲಿಯೂ ಮತ್ತೊಬ್ಬರ ಅಡುಗೆಮನೆಗೆ. ಅಂಥವಳು ಒಂದು ದಿನವಾದರೂ ಬ್ಯಾಗು ಹಿಡಿದು, ಗಡಿಯಾರ ಕಟ್ಟಿಕೊಂಡು, ಸುಮ್ಮನೆ ನೋಡಿಬರಲೆಂದು ಎಲ್ಲಿಗೋ ಹೋಗಿದ್ದಳೆಂಬುದಕ್ಕೆ ಈ ಚಿತ್ರವೊಂದೇ ಸಾಕ್ಷಿ. ಅಕ್ಕ ಆ ಸಾಕ್ಷಿಯನ್ನು ಇಷ್ಟು ವರ್ಷ ದಿನವೂ ಒರೆಸಿ ಕಾಪಾಡಿಕೊಂಡು ಬಂದಿದ್ದಳು.

ಅಮ್ಮನ ತವರು ಅರಕಲಗೂಡಿನ ಕಡೆ. ಹೀಗಾಗಿ ಮೊದಲು ಅಲ್ಲಿಗೇ ಹೋದೆವು, ಅಕ್ಕ ಮಡಿಲಲ್ಲಿ ಫೋಟೋ ಇಟ್ಟುಕೊಂಡು, ನಾನು ಕಾರು ನಡೆಸುತ್ತ ಹೊಯ್ಸಳರ ವಾಸ್ತುವಿನ ಮೇಲೆ ಉಪದೇಶ ಮಾಡುತ್ತ. ದೇವಸ್ಥಾನದ ಅರ್ಚಕರು ಕನ್ನಡಕ ಏರಿಸಿ ನೋಡಿ, 'ಇದು ನಮ್ಮ ಕಡೇದಲ್ಲ. ಕಂಬದ ಕೆಲಸ ನೋಡಿದ್ರೇ ಗೊತ್ತಾಗತ್ತೆ, ಹಾಸನದ ಕಡೇದು' ಎಂದರು. ಹಾಸನಕ್ಕೆ ಬಂದು ಊಟ ಮಾಡಿದ ಹೋಟೆಲಿನ ಯಜಮಾನರಿಗೆ ತೋರಿಸಿದರೆ, 'ಇದಾ ಸಾ? ಅರಕಲಗೂಡ್ ಕಡೇದು, ಗ್ಯಾರಂಟಿ' ಎಂದರು. ಪಕ್ಕದ ಮೇಜಿನವರು ಎದ್ದು ಬಂದು ಹಳೇಬೀಡಿಗೆ ಮತ ಹಾಕಿದರು. ನಮ್ಮ ಜಿಲ್ಲೆಯಲ್ಲಿ ಗುಡಿಯ ವಿಷಯಕ್ಕೆ ಗೊತ್ತಿಲ್ಲ ಎನ್ನುವುದು ಅವಮಾನದ ಸಂಗತಿ. ಎಡವಿದರೆ ಒಂದು ಶಿಲ್ಪ ಸಿಗುವ ಊರುಗಳಲ್ಲಿ ಹುಟ್ಟಿದವರು ಯಾವ ಕಲ್ಲನ್ನಾದರೂ ಪರಿಚಯದವರಂತೆ ಮಾತಾಡಿಸುತ್ತಾರೆ. ನಾನೂ ಆ ಮಣ್ಣಿನವನೇ ಆದ್ದರಿಂದ, ಕಂಬದ ಕೆಳಭಾಗವನ್ನು ದೀರ್ಘವಾಗಿ ಪರೀಕ್ಷಿಸಿ, 'ಇದು ಹನ್ನೆರಡನೆಯ ಶತಮಾನದ್ದು' ಎಂದು ಘೋಷಿಸಿದೆ. ಮೂರು ಗುಡಿ ನೋಡಿ, ಯಾವುದೂ ಹೊಂದದೆ, ಹೊಳೆನರಸೀಪುರಕ್ಕೆ ಮರಳುವಾಗ ಮೊಸಳೆ ಎಂಬ ಊರಿನ ತಿರುವು ಬಂತು. ಅಲ್ಲಿಯ ಜೋಡಿ ಗುಡಿಗಳ ಫೋಟೋ ನಾನು ಎಷ್ಟು ಸಲ ತೆಗೆದಿದ್ದೇನೆಂದರೆ ಅವುಗಳ ಪ್ರತಿ ಮೂಲೆಯೂ ನನಗೆ ಕಂಠಪಾಠ. ಅಮ್ಮನ ಕಂಬ ಅಲ್ಲಿಲ್ಲವೆಂದು ಕಾರನ್ನು ನಿಲ್ಲಿಸದೆ ಮುಂದೆ ಹೋದೆ.

ಮನೆಗೆ ಬಂದು, ಚಿತ್ರವನ್ನು ದೊಡ್ಡದು ಮಾಡಿ ನೋಡೋಣವೆಂದು ಚೌಕಟ್ಟಿನ ಮೊಳೆ ಕಿತ್ತೆ. ಇಷ್ಟು ವರ್ಷದಲ್ಲಿ ಯಾರೂ ಮಾಡದ ಕೆಲಸವದು. ರಟ್ಟಿನ ಹಿಂಬದಿಯಲ್ಲಿ ಮಾಸಿದ ಮೊಹರೊಂದಿತ್ತು: ಚನ್ನರಾಯಪಟ್ಟಣದ ಒಂದು ಸ್ಟುಡಿಯೋದ್ದು. ಅಪ್ಪನ ಮೊದಲ ನೌಕರಿ ಅಲ್ಲಿಯೇ ಇತ್ತು. ನನ್ನ ತರ್ಕಶಕ್ತಿ ತಕ್ಷಣ ಜಾಗೃತವಾಯಿತು. 'ಅಂದ್ರೆ ಸ್ಟುಡಿಯೋದವರು ಕ್ಯಾಮೆರಾ ಹೊತ್ತುಕೊಂಡು ಇವರ ಜೊತೆ ಗುಡಿಗೆ ಹೋಗಿದ್ದಾರೆ. ಯಾವ ಗುಡಿ ಅಂತ ಅವರನ್ನೇ ಕೇಳಿದ್ರಾಯ್ತು' ಎಂದೆ. ಅಕ್ಕ ಮೊದಲ ಸಲ ನನ್ನತ್ತ ಮೆಚ್ಚುಗೆಯಿಂದ ನೋಡಿದಳು.

ಭಾನುವಾರ ಬೆಳಗ್ಗೆ ಚನ್ನರಾಯಪಟ್ಟಣ. ಎಳನೀರಿನ ರಾಶಿಗಳನ್ನು ದಾಟಿ, ಇಬ್ಬರು ಮೂವರನ್ನು ಕೇಳಿ ಹೋದರೆ ಸ್ಟುಡಿಯೋ ಇದ್ದ ಮಳಿಗೆಯಲ್ಲಿ ಈಗ ಫ್ಲೆಕ್ಸ್ ಬೋರ್ಡು ಮಾಡುತ್ತಾರೆ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರು ಹಳೆಯ ಸ್ಟುಡಿಯೋದವರ ಮಗ. ಫೋಟೋ ಕೈಗೆ ಕೊಟ್ಟದ್ದೇ ಅವರ ಮುಖ ಅರಳಿತು.

'ಅಯ್ಯೋ, ಇದು ಗುಡಿ ಅಲ್ಲ ಕಣ್ ಸಾ. ನಮ್ಮಪ್ಪಂದು ಪರದೆ! ಗ್ವಾಡೆಗೆ ಇಳಿಬುಡ್ತಿದ್ವಿ. ನಾಟಕದ ಸೀನರಿ ಬರಿಯೋನೊಬ್ಬ ಕ್ಯಾಲೆಂಡರ್ ನೋಡ್ಕಂಡು ಬರ್ಕೊಟ್ಟಿದ್ದು. ಈ ಕಂಬ ಐತಲ್ಲ, ಮರದ್ದು. ಬ್ಯಾಗೂ ನಮ್ದೇ, ವಾಚೂ ನಮ್ದೇ. ಆ ವಾಚು ಓಡ್ತಾನೂ ಇರ್ನಿಲ್ಲ.' ಆಮೇಲೆ ಬೆರಳಿಟ್ಟು ತೋರಿಸಿದರು. 'ನೋಡಿ, ಗುಡಿ ನೆಳ್ಳು ಈ ಕಡೀಕೆ ಬಿದ್ದೈತೆ, ಅಮ್ಮಾರ ನೆಳ್ಳು ಆ ಕಡೀಕೆ. ಒಬ್ನೇ ಸೂರ್ಯ ಎಲ್ಡ್ ಕಡೆ ಬಿಸ್ಲು ಬುಡ್ತಾನಾ ಸಾ?'

ನೆರಳು ಮತ್ತು ಬೆಳಕಿನ ಉಪನ್ಯಾಸಕನಾದ ನಾನು ಹನ್ನೆರಡನೆಯ ಶತಮಾನದ ಆ ಮರದ ತುಂಡನ್ನು ನೋಡುತ್ತ ನಿಂತೆ. ಪರದೆ ಏನಾಯಿತೆಂದು ಕೇಳಿದೆ. ಹರಿದುಹೋದ ಮೇಲೆ ಅಟ್ಟದಲ್ಲಿ ಕೊಬ್ಬರಿಗೆ ಹೊದಿಸಿದ್ದರಂತೆ, ಇಲಿ ತಿಂದು ಮುಗಿಸಿತಂತೆ. ನನಗೆ ನಗು ಬಂತು, ಹಿರಿಯರೂ ನಕ್ಕರು. ತಿರುಗಿ ನೋಡಿದರೆ ಅಕ್ಕ ನಗುತ್ತಿರಲಿಲ್ಲ.

ಕಾರಿನಲ್ಲಿ ಅವಳು ಫೋಟೋವನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು. ನಾನು ಪರದೆ ಬರೆದವನ ಕೈಚಳಕವನ್ನು ಹೊಗಳಿದೆ, ಎಳನೀರು ಬೇಕೆ ಎಂದೆ. ಹೊಳೆನರಸೀಪುರ ಹತ್ತಿರವಾಗುತ್ತಿದ್ದಾಗ ಅವಳು ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತ ಮೆಲ್ಲಗೆ ಹೇಳಿದಳು: 'ಹಾಗಾದ್ರೆ ಅಮ್ಮ ಎಲ್ಲಿಗೂ ಹೋಗೇ ಇರ್ಲಿಲ್ಲ ಕಣೋ.'

ಓದುಗ ಮಿತ್ರರೇ, ಆ ಕ್ಷಣದಲ್ಲಿ ನನಗೆ ನೆನಪಾದದ್ದನ್ನು ನಿಮ್ಮಿಂದ ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಅಮ್ಮನ ಕೊನೆಯ ವರ್ಷಗಳಲ್ಲಿ ನಾನು ಕ್ಯಾಮೆರಾ ಹೆಗಲಿಗೇರಿಸಿ ಮೊಸಳೆಗೆ, ಬೇಲೂರಿಗೆ ಹೊರಡುವಾಗ ಅವಳು ಬುತ್ತಿ ಕಟ್ಟಿಕೊಡುತ್ತಿದ್ದಳು. ಸಂಜೆ ಬಂದಾಗ, 'ಹೇಗಿತ್ತೋ?' ಎಂದು ಕೇಳುತ್ತಿದ್ದಳು. ನಾನು ಕ್ಯಾಮೆರಾದ ಹಿಂಬದಿಯ ಅಂಗೈಯಗಲದ ಪರದೆಯಲ್ಲಿ ನಾಲ್ಕು ಚಿತ್ರ ತೋರಿಸಿದರೆ ಕಣ್ಣು ಕಿರಿದು ಮಾಡಿ ನೋಡಿ, 'ಚೆನ್ನಾಗಿದೆ, ನಾನೇ ಹೋಗಿಬಂದ ಹಾಗಾಯ್ತು' ಎನ್ನುತ್ತಿದ್ದಳು. ನಾನು ಆ ಮಾತನ್ನು ನನ್ನ ಛಾಯಾಗ್ರಹಣಕ್ಕೆ ಸಂದ ಪ್ರಶಸ್ತಿಯೆಂದು ತಿಳಿದಿದ್ದೆ. ಕಾರಿನಲ್ಲಿ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಊರು ಬಂತು, ಅಕ್ಕನ ಮನೆಯ ರಸ್ತೆಯೂ ಬಂತು. ನಾನು ಕಾರು ತಿರುಗಿಸಲಿಲ್ಲ. 'ಎಲ್ಲಿಗೋ?' ಎಂದಳು. 'ಮೊಸಳೆಗೆ. ಅಮ್ಮನ್ನ ಕರ್ಕೊಂಡು ಹೋಗಿ ಬರೋಣ' ಎಂದೆ. ಅಕ್ಕ ಫೋಟೋವನ್ನು ಕಿಟಕಿಯ ಕಡೆ ಮುಖಮಾಡಿ ತಿರುಗಿಸಿ ಹಿಡಿದುಕೊಂಡಳು.

ಜೋಡಿ ಗುಡಿಗಳ ಅಂಗಳದಲ್ಲಿ ನಡುಮಧ್ಯಾಹ್ನ ಕಳೆದ ಬಿಸಿಲಿತ್ತು. ಬೆಳಕು ಹಿಂದಿನಿಂದ ಬರುತ್ತಿದೆ, ಇಲ್ಲಿ ಬೇಡ, ಮುಖ ಕಪ್ಪಾಗುತ್ತದೆ ಎಂದು ನಾನು ವಾದಿಸಿದೆ. ಅಕ್ಕ ಕೇಳಲಿಲ್ಲ, ಎರಡೂ ಗುಡಿ ಕಾಣುವ ಹಾಗೆ ನಡುವೆಯೇ ನಿಲ್ಲಬೇಕೆಂದಳು, ಮತ್ತು ನಾನೂ ನಿಲ್ಲಬೇಕೆಂದಳು. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸೊಬ್ಬಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ನಾನು ಕೊರಳಿನಿಂದ ಕ್ಯಾಮೆರಾ ತೆಗೆದು ಅವಳ ಕೈಗೆ ಕೊಟ್ಟೆ.

'ನಂಗೆ ಇಂಥವೆಲ್ಲ ಬರಾಕಿಲ್ಲ ಕಣಣ್ಣ' ಎನ್ನುತ್ತ ಪೊರಕೆ ಒರಗಿಸಿ, ಕೈಯನ್ನು ಸೆರಗಿಗೆ ಒರೆಸಿ, ಅವಳು ಅದನ್ನು ಹಸುಗೂಸಿನಂತೆ ಹಿಡಿದುಕೊಂಡಳು. ನಾನು ಗುಂಡಿ ತೋರಿಸಿದೆ. ಅಕ್ಕ ಚೌಕಟ್ಟಿನ ಒಂದು ಅಂಚು ಹಿಡಿದಳು, ನಾನು ಇನ್ನೊಂದು. ಕ್ಷಣದಲ್ಲೇ ಕಸ ಗುಡಿಸುವವಳಿಗೆ ಅಧಿಕಾರ ಬಂದುಬಿಟ್ಟಿತು. 'ಅವ್ವುನ್ನ ವಸಿ ಮ್ಯಾಕೆ ಎತ್ಕಳಿ, ಮಕ ಕಾಣ್ತಿಲ್ಲ. ಆಂ, ಅಂಗೆ. ಅವ್ವ ನೋಡಿ ಎಷ್ಟು ಚೆಂದಾಗಿ ನಗ್ತಾವ್ರೆ, ನೀವ್ಯಾಕ್ ಇಬ್ರೂ ಮಕ ಗಂಟಾಕ್ಕಂಡಿದ್ದೀರಿ?'

ಅಕ್ಕ ನಕ್ಕಳು. ಗುಂಡಿ ಒತ್ತಿದ ಸದ್ದು ಕೇಳಿಸಿತು.

ಛಾಯಾಗ್ರಹಣದ ಯಾವ ನಿಯಮಕ್ಕೂ ಆ ಚಿತ್ರ ಸೊಪ್ಪು ಹಾಕಿಲ್ಲ. ಒಂದು ಗುಡಿಯ ಶಿಖರ ಕತ್ತರಿಸಿಹೋಗಿದೆ, ನೆಲ ಒಂದು ಕಡೆಗೆ ವಾಲಿದೆ, ನನ್ನ ಅರ್ಧ ಕಿವಿ ಹೊರಗುಳಿದಿದೆ. ಬಳಗದವರಿಗೆ ಕಳಿಸಿದರೆ ಯಾರ ಫೋಟೋ ಇದು ಎಂದು ಕೇಳುತ್ತಾರೆ. ನನ್ನ ಸಾವಿರಾರು ಚಿತ್ರಗಳಲ್ಲಿ ನಾನಿರುವುದು ಇದೊಂದರಲ್ಲೇ. ಈಗ ಅದು ಅಕ್ಕನ ನಡುಕೋಣೆಯಲ್ಲಿ ಹಳೆಯ ಫೋಟೋದ ಪಕ್ಕದಲ್ಲಿದೆ. ಮೊನ್ನೆ ಹೋದಾಗ ಹತ್ತಿರ ನಿಂತು, ಈ ಸಲ ಮರೆಯದೆ, ನೆರಳುಗಳನ್ನು ನೋಡಿದೆ. ಅಂಗಳದ ಮೇಲೆ ನನ್ನದೊಂದು, ಅಕ್ಕನದೊಂದು, ನಡುವೆ ಚೌಕವಾಗಿ ಅಮ್ಮನದೊಂದು. ಮೂರೂ ಒಂದೇ ಕಡೆಗೆ ಬಿದ್ದಿವೆ.