ಬಸವಂತನ ಬಡ್ಗ್ಯಾ

ಕಾರ್ಖಾನೆಯ ಗೇಟಿನ ಮುಂದೆ ಸ್ಟೂಲಿನ ಮೇಲೆ ನಿಂತು ಇಪ್ಪತ್ತೊಂಬತ್ತು ವರ್ಷ ಯೂನಿಯನ್ನಿಗಾಗಿ ಗಂಟಲು ಹರಿದುಕೊಂಡ ಬಸವಂತನಿಗೆ ಈಗ ಒಂದೇ ಚಿಂತೆ: ತನ್ನ ನಂತರ ಆ ಸ್ಟೂಲು ಹತ್ತುವವರು ಯಾರು? ಹೊಸ ಹುಡುಗರು ಗೇಟ್ ಮೀಟಿಂಗಿಗೆ ಬರುತ್ತಿದ್ದರು ನಿಜ. ಆದರೆ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ನಿಲ್ಲುತ್ತಿದ್ದರು, ಯಾರಾದರೂ ಔಟಾದರೆ ಹೋ ಎಂದು ಕೂಗುತ್ತಿದ್ದರು. ಅದು ತನ್ನ ಮಾತಿಗೆ ಬಂದ ಬೆಂಬಲವೆಂದು ತಿಳಿದು ಬಸವಂತ ಭಾಷಣವನ್ನು ಇನ್ನೂ ಹತ್ತು ನಿಮಿಷ ಎಳೆಯುತ್ತಿದ್ದ. ಸತ್ಯ ಗೊತ್ತಾದ ದಿನದಿಂದ ಅವನ ಆಸೆಯೆಲ್ಲ ಹನ್ನೊಂದು ವರ್ಷದ ಮಗಳು ಯಶಸ್ವಿನಿಯ ಮೇಲೆ ಬಿತ್ತು.

ಗದಗ ಕಡೆಯವನಾದ ಬಸವಂತ ಹತ್ತೊಂಬತ್ತರ ವಯಸ್ಸಿನಲ್ಲಿ ನಾಗಪುರದ ಸರಕಾರಿ ಕಾರ್ಖಾನೆಗೆ ಬಂದವನು. ಎರಡು ಸಲ ಸಸ್ಪೆಂಡ್ ಆಗಿದ್ದ, ಹನ್ನೊಂದು ದಿನ ಜೈಲಿನ ನೀರಾದ ಬೇಳೆಸಾರು ಉಂಡಿದ್ದ. ಸಿವಿಲ್ ಲೈನ್ಸಿನ ಮೆರವಣಿಗೆಯಲ್ಲಿ ಮುರಿದ ಭುಜವನ್ನು ಮನೆಗೆ ಬಂದವರಿಗೆಲ್ಲ ಮುಟ್ಟಿ ತೋರಿಸುತ್ತಿದ್ದ. ಅದು ಲಾಠಿ ಬಿದ್ದು ಮುರಿದದ್ದಲ್ಲ, ಲಾಠಿ ಕಂಡು ಓಡುವಾಗ ನಿಂತ ಆಟೋಗೆ ಗುದ್ದಿ ಮುರಿದದ್ದು ಎಂಬ ಭಾಗವನ್ನು ಹೆಂಡತಿ ನೀಲಾಂಬಿಕಾ ಸೇರಿಸುತ್ತಿದ್ದಳು.

ಮಗಳನ್ನು ತಯಾರು ಮಾಡುವುದು ಅವನೆಣಿಸಿದಷ್ಟು ಸುಲಭವಿರಲಿಲ್ಲ. ಮೂರರ ವಯಸ್ಸಿಗೇ ಅವಳಿಗೆ ಮುಷ್ಟಿ ಎತ್ತುವುದನ್ನು ಕಲಿಸಿದ. ಅವಳು ಟೋಸ್ಟ್ ಬೇಕಾದಾಗ ಮಾತ್ರ ಎತ್ತುತ್ತಿದ್ದಳು. ಆರರಲ್ಲಿ, ಚುನಾವಣೆಯ ಹೊತ್ತಿಗೆ, ಅವಳು ಒಂದು ಪಕ್ಷಕ್ಕೆ ಸೇರಿಬಿಟ್ಟಳು. ಅವರ ಪ್ರಚಾರದ ಗಾಡಿಯ ಹಾಡು ಕುಣಿಯಲಿಕ್ಕೆ ಚೆನ್ನಾಗಿತ್ತು. ಎಂಟರಲ್ಲಿ ಪಕ್ಷ ಬದಲಿಸಿದಳು. ಮೇಲಿನ ಮನೆಯ ಖುಷಿ, ಅಂದರೆ ಏರ್‌ಫೋರ್ಸಿನ ಉತ್ತಪ್ಪನ ಮಗಳು, ಇನ್ನೊಂದು ಪಕ್ಷದವಳಾಗಿದ್ದಳು, ಮತ್ತು ಅವರ ಮನೆಯಲ್ಲಿ ನಾಯಿಮರಿ ಇತ್ತು. ಹತ್ತರಲ್ಲಿ ಅವಳು ಊಟಕ್ಕೆ ಕೂತು, ಮುಷ್ಕರ ಮಾಡುವುದು ತಪ್ಪು, ಆಂಬುಲೆನ್ಸಿಗೆ ದಾರಿ ಸಿಗುವುದಿಲ್ಲ ಎಂದು ಟೀಚರ್ ಹೇಳಿದ್ದಾರೆ ಎಂದಳು. ಆ ದಿನ ಬಸವಂತ ಅರ್ಧ ರೊಟ್ಟಿಗೇ ಕೈ ತೊಳೆದ.

ಹೀಗಿರುವಾಗ ಎತ್ತುಗಳ ಹಬ್ಬ ಪೋಳಾ ಬಂತು. ನಾಗಪುರದಲ್ಲಿ ಪೋಳಾದ ಮರುದಿನ, ಊರಿನ ಕೇಡನ್ನೆಲ್ಲ ಹೊತ್ತೊಯ್ಯುವ ಮಾರ್ಬತ್ ಎಂಬ ಹೆಣ್ಣು ಬೊಂಬೆಯ ಮೆರವಣಿಗೆ. ಆ ವರ್ಷ ಜನರನ್ನು ಕಾಡಿದ್ದು ಏನೇ ಇರಲಿ, ಬೆಲೆ ಏರಿಕೆಯೋ, ರಸ್ತೆಯ ಗುಂಡಿಯೋ, ಲಂಚ ತಿಂದವನೋ, ಅದಕ್ಕೊಂದು ಹುಲ್ಲಿನ ಬೊಂಬೆ ಮಾಡಿ, ಎದೆಗೆ ಫಲಕ ಕಟ್ಟಿ, ಬೀದಿ ತುಂಬ ಬೈಯುತ್ತ ಹೊತ್ತು ಕೊನೆಗೆ ಸುಡುತ್ತಾರೆ. ಆ ಬೊಂಬೆಯೇ ಬಡ್ಗ್ಯಾ. ಕಾಲೊನಿಗಳ ಮಕ್ಕಳು ತಮ್ಮದೇ ಸಣ್ಣ ಬಡ್ಗ್ಯಾ ಮಾಡುವುದುಂಟು.

"ಅಪ್ಪಾ, ಈ ಸಲ ನಾವೂ ಮಾಡ್ತೀವಿ," ಎಂದಳು ಯಶಸ್ವಿನಿ.

ಬಸವಂತನಿಗೆ ಆನಂದವಾಯಿತು. ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರುವ ಮಾತು ನಡೆದಿತ್ತು, ಬಡ್ಗ್ಯಾ ಅದರ ಮೇಲೆಯೇ ಆಗಬೇಕೆಂದ. "ವೋಟ್ ಹಾಕಿ ಹೇಳ್ತೀವಿ," ಎಂದಳು ಅವಳು. ಆ ಉತ್ತರ ಕೇಳಿ ಅವನ ಎದೆ ಇನ್ನೂ ಉಬ್ಬಿತು.

ಶನಿವಾರ ಪಾರ್ಕಿಂಗ್ ಶೆಡ್ಡಿನಲ್ಲಿ ಹದಿನಾಲ್ಕು ಮಕ್ಕಳನ್ನು ಕೂರಿಸಿ ತರಬೇತಿ ಕೊಟ್ಟ. "ಹೆಸರು ಬರೀಬ್ಯಾಡ್ರಿ, ನೋಡಿದವ್ರಿಗೆ ತಾನಾ ತಿಳೀಬೇಕು. ಯಾರ ಬಡ್ಗ್ಯಾ ಅಂತ ಕಡೀ ದಿನದ ತನಕ ಬಾಯಿ ಬಿಡಬ್ಯಾಡ್ರಿ. ಮಾತುಕತಿಗೆ ಕರದ್ರ ಒಬ್ಬೊಬ್ರ ಹೋಗಬ್ಯಾಡ್ರಿ. ಮತ್ತ ಅವರು ಕೊಟ್ಟ ನಾಷ್ಟಾ ತಿನಬ್ಯಾಡ್ರಿ. ಪೋಹೆ ತಿಂದ ಬಾಯಿಲೆ ಬೇಡಿಕಿ ಬರೂದಿಲ್ಲ."

ಯಶಸ್ವಿನಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕನ್ನಡ ಬರೆಯಲು ಬಾರದ್ದರಿಂದ ಮರಾಠಿಯಲ್ಲಿ ಬರೆದಳು. ಬಿದಿರು ತಂದುಕೊಟ್ಟವನು ಬಸವಂತ. ಬೊಂಬೆಗೆ ಹಳೆಯ ಅಂಗಿ ಬೇಕೆಂದಾಗ ತನ್ನ ಕಾರ್ಖಾನೆಯ ಖಾಕಿ ಅಂಗಿಯನ್ನೇ ಕೊಟ್ಟ. ಮಾರಾಟವಾಗಲಿರುವ ಕಾರ್ಖಾನೆಯ ಗುರುತಿಗೆಂದು ಕೇಳುತ್ತಿದ್ದಾರೆ ಎಂದುಕೊಂಡ.

ಬೊಂಬೆ ಯಾರದೆಂದು ನೀಲಾಂಬಿಕಾಗೆ ಗೊತ್ತಿತ್ತು. ಮೀಸೆಗೆಂದು ತೆಂಗಿನ ನಾರು ಕೇಳಿಕೊಂಡು ಮಕ್ಕಳು ಬಂದದ್ದು ಅವಳ ಹತ್ತಿರ. "ಭಾಳ ಕಲಿಸಬ್ಯಾಡ್ರಿ ಅವಕ್ಕ," ಎಂದಷ್ಟೇ ಗಂಡನಿಗೆ ಹೇಳಿ ಒಳಗೆ ಹೋಗಿ ನಕ್ಕಳು.

ಅವಳು ನಕ್ಕದ್ದಕ್ಕೆ ಕಾರಣವಿತ್ತು. ಬಸವಂತ ತಾವಿದ್ದ ಮೂವತ್ತೆರಡು ಮನೆಗಳ ಸೊಸೈಟಿಗೆ ಒಂಬತ್ತು ವರ್ಷಗಳಿಂದ ಸೆಕ್ರೆಟರಿ. ಬೇರೆ ಯಾರಿಗೂ ಆ ಕುರ್ಚಿ ಬೇಡವಾಗಿತ್ತು. ಹಿಂದಿನ ಮೈದಾನಕ್ಕೆ ಬೀಗ ಹಾಕಿಸಿ, ಆಟ ಐದರಿಂದ ಆರರವರೆಗೆ ಮಾತ್ರ ಎಂದು ಬೋರ್ಡು ಬರೆಸಿದ್ದ. ಕಿಟಕಿಗೆ ತಾಗಿದ ಚೆಂಡು ಜಪ್ತಿ. ಹೀಗೆ ಜಪ್ತಿಯಾದ ಹತ್ತೊಂಬತ್ತು ಚೆಂಡುಗಳು ಅವನ ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದವು. ಈ ನಿಯಮಗಳಿಗಾಗಿ ಅವನು ಒಂದು ಮೀಟಿಂಗೂ ಕರೆದಿರಲಿಲ್ಲ. ಶಿಸ್ತು ಬೇರೆ, ದಬ್ಬಾಳಿಕೆ ಬೇರೆ ಎಂಬುದು ಅವನ ತಿಳಿವಳಿಕೆ.

ಮಾರ್ಬತ್ ದಿನದ ಬೆಳಿಗ್ಗೆ ಮಗಳ ಕೆಲಸ ನೋಡಲೆಂದು ಯೂನಿಯನ್ನಿನ ಗೆಳೆಯ ನಂದೀಶನನ್ನೂ ಇನ್ನೂ ಆರು ಜನರನ್ನೂ ಕರೆಸಿದ್ದ. ಶೆಡ್ಡಿನ ಪರದೆ ಸರಿಯಿತು. ಖಾಕಿ ಅಂಗಿ, ತೆಂಗಿನ ನಾರಿನ ಮೀಸೆ, ಬಾಯಲ್ಲಿ ಸೀಟಿ, ಸೊಂಟದಲ್ಲಿ ರಟ್ಟಿನ ಬೀಗದಕೈಗಳ ಗೊಂಚಲು, ಹೊಟ್ಟೆಯ ಜಾಗದಲ್ಲಿ ಕಾಗದದ ಚೆಂಡುಗಳ ಚೀಲ. ಫಲಕದ ಮೇಲೆ ಮರಾಠಿಯಲ್ಲಿ ಬರೆದಿತ್ತು: ಮೀಟಿಂಗ್ ಕರೆಯದೆ ನಿಯಮ ಮಾಡುವವ.

ನಂದೀಶ ಬೊಂಬೆಯನ್ನು ನೋಡಿದ, ಬಸವಂತನನ್ನು ನೋಡಿದ, ಮತ್ತೆ ಬೊಂಬೆಯನ್ನು ನೋಡಿದ. "ಮೀಸೆ ಸ್ವಲ್ಪ ಜಾಸ್ತಿ ಆಯ್ತು ಗುರು. ಉಳಿದಿದ್ದೆಲ್ಲ ಸರಿಯಾಗಿದೆ," ಎಂದ.

ಬಸವಂತ ಗೆಳೆಯರಿಗೆ ಬೆನ್ನು ಮಾಡಿ ಮಗಳ ಕಡೆ ತಿರುಗಿದ. "ಯಶಿ, ಮನಿಗೆ ಬಾ. ಮಾತಾಡೂಣು."

"ಒಬ್ಬಾಕಿನ ಬರೂದಿಲ್ಲಪಾ. ಮೂರು ಮಂದಿ ಬರ್ತೀವಿ."

ಮೂವರು ಬಂದರು: ಯಶಸ್ವಿನಿ, ಖುಷಿ, ಮತ್ತು ಕೈಯಲ್ಲಿ ನೋಟ್‌ಬುಕ್ ಹಿಡಿದ ಪವನ್ ಎಂಬ ಹುಡುಗ. ನೀಲಾಂಬಿಕಾ ಅವಲಕ್ಕಿಯ ಬಿಸಿ ಪೋಹೆಗೆ ತರ್ರಿ ಎಂಬ ಖಾರದ ಸಾರು ಸುರಿದು ತಂದಿಟ್ಟಳು. ಯಾರೂ ಮುಟ್ಟಲಿಲ್ಲ. ಖುಷಿ ತಟ್ಟೆಯನ್ನೇ ನೋಡುತ್ತ ಎರಡು ಸಲ ಜೊಲ್ಲು ನುಂಗಿ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಳು.

"ಚೆಂಡು ವಾಪಸ್ ಕೊಡಬೇಕು," ಪವನ್ ಓದಿದ. "ಮೈದಾನ ಏಳರ ತನಕ ತೆರೀಬೇಕು. ಸೊಸೈಟಿ ಮೀಟಿಂಗ್‌ನಾಗ ಮಕ್ಕಳಿಗೂ ಎರಡು ಕುರ್ಚಿ."

"ಪರಿಶೀಲಿಸ್ತೇನಿ," ಎಂದ ಬಸವಂತ.

"ಯಾವಾಗ?" ಯಶಸ್ವಿನಿ ಕೇಳಿದಳು.

"ಯೋಗ್ಯ ಸಮಯಕ್ಕ."

ಹೇಳಿದ ಮೇಲೆ ಅವನಿಗೆ ತನ್ನ ಬಾಯಿಯ ಮೇಲೆಯೇ ಅನುಮಾನ ಬಂತು. ಈ ಮಾತುಗಳನ್ನು ಅವನು ಮ್ಯಾನೇಜರನ ಮೇಜಿನ ಈಚೆ ಕೂತು ನೂರಾರು ಸಲ ಕೇಳಿದ್ದ. ಆದರೂ ನಾಲಿಗೆ ನಿಲ್ಲಲಿಲ್ಲ. "ನೀವು ಚಲೋ ಹುಡುಗ್ರು. ಹೊರಗಿನವ್ರು ಯಾರೋ ನಿಮ್ಮ ತಲಿ ಕೆಡಿಸ್ಯಾರ. ಯಾರವ್ರು, ಹೇಳ್ರಿ."

ಖುಷಿ ಪೋಹೆಯಿಂದ ಕಣ್ಣು ತೆಗೆಯದೆ ಹೇಳಿದಳು, "ನೀವೇ ಅಲ್ವಾ ಅಂಕಲ್. ಶನಿವಾರ. ಶೆಡ್ಡಲ್ಲಿ."

ನೀಲಾಂಬಿಕಾ ಕೆಮ್ಮು ಬಂದಂತೆ ಮಾಡಿ ಅಡುಗೆಮನೆಗೆ ಓಡಿದಳು. ಪವನ್ ಮುಂದೆ ಹಿಡಿದ ನೋಟ್‌ಬುಕ್ಕಿಗೆ ಬಸವಂತ ಸಹಿ ಹಾಕಲಿಲ್ಲ. ಮಕ್ಕಳು ಎದ್ದು ಹೋದರು.

ಹತ್ತು ಗಂಟೆಗೆ ಬಡ್ಗ್ಯಾ ಹೊರಟಿತು. "ಚಾವೀವಾಲ್ಯಾ ಕಾಕಾಲಾ ಘೇವುನ್ ಜಾ ಗೇ ಮಾರ್ಬತ್," ಅಂದರೆ ಬೀಗದಕೈ ಕಾಕಾನನ್ನು ಹೊತ್ತೊಯ್ಯಿ ಮಾರ್ಬತ್, ಎಂದು ಮಕ್ಕಳು ಕೂಗುತ್ತಿದ್ದರು. ಬಾಲ್ಕನಿಯಲ್ಲಿ ಮುಖ ಊದಿಸಿ ನಿಂತಿದ್ದ ಬಸವಂತನಿಗೆ ಅವಮಾನಕ್ಕಿಂತ ಹೆಚ್ಚಿನ ಸಂಕಟ ಶುರುವಾಯಿತು. ಘೋಷಣೆಗೆ ತಾಳವೇ ಇರಲಿಲ್ಲ. ಅರ್ಧ ಮಕ್ಕಳು ಮುಂದೆ ಕೂಗಿದರೆ ಅರ್ಧ ಮಕ್ಕಳು ಹಿಂದೆ. ಮದುವೆ ಮನೆಯ ಗಲಾಟೆಯಂತೆ ಕೇಳುತ್ತಿತ್ತು. ಮೆರವಣಿಗೆ ಎರಡು ತಿರುವು ದಾಟುವ ತನಕ ತಡೆದುಕೊಂಡ. ಮೂರನೆಯದಕ್ಕೆ ಆಗಲಿಲ್ಲ.

"ಒಬ್ರು ಎತ್ತಿಕೊಡ್ರಿ, ಉಳಿದವ್ರು ಹಿಡೀರಿ," ಎಂದು ಮೇಲಿನಿಂದಲೇ ಕೂಗಿದ. ಯಾರಿಗೂ ತಿಳಿಯಲಿಲ್ಲ. ಚಪ್ಪಲಿ ಮೆಟ್ಟಿ ಕೆಳಗಿಳಿದ. "ಚಾವೀವಾಲ್ಯಾ ಕಾಕಾಲಾ," ಎಂದು ಗೇಟ್ ಮೀಟಿಂಗಿನ ಗಂಟಲಿನಿಂದ ತಾನೇ ಎತ್ತಿಕೊಟ್ಟ. "ಘೇವುನ್ ಜಾ ಗೇ ಮಾರ್ಬತ್," ಎಂದು ಹದಿನಾಲ್ಕು ಬಾಯಿ ಒಟ್ಟಿಗೆ ಹಿಡಿದವು. ಕಿಟಕಿಗಳು ತೆರೆದುಕೊಂಡವು. ಇಷ್ಟು ವರ್ಷದಲ್ಲಿ ಅವನ ಘೋಷಣೆಗೆ ಆ ಮಟ್ಟದ ಉತ್ತರ ಬಂದಿರಲಿಲ್ಲ. ಕಾಲೊನಿಯ ಕೊನೆಯಲ್ಲಿ ತನ್ನದೇ ಅಂಗಿ ಉರಿಯುವವರೆಗೂ ಅವನು ನಿಲ್ಲಿಸಲಿಲ್ಲ. ಮಧ್ಯಾಹ್ನ, ದನಿ ಪೂರ್ತಿ ಬಿದ್ದುಹೋಗಿದ್ದರಿಂದ, ವಾದಿಸಲಾಗದೆ ಮೂರು ಬೇಡಿಕೆಗೂ ಸಹಿ ಹಾಕಿದ.

ಮಗಳು ಅವನನ್ನು ಹೊಗಳಲಿಲ್ಲ. ವಾರವಿಡೀ ಮೈದಾನದಲ್ಲೇ ಇದ್ದಳು. ಸ್ಟೂಲಿನ ವಾರಸುದಾರಿಕೆ ಅಲ್ಲಿಗೆ ಮುಗಿಯಿತು ಎಂದುಕೊಂಡ ಬಸವಂತ.

ಎಂಟನೆಯ ದಿನ ಸಂಜೆ ಅವಳು ಮುಖ ಕೆಂಪಗೆ ಮಾಡಿಕೊಂಡು ಬಂದು ಅವನ ಮುಂದೆ ನಿಂತಳು.

"ಅಪ್ಪಾ, ಖುಷಿ ಬ್ಯಾರೆ ಯೂನಿಯನ್ ಮಾಡ್ಯಾಳ. ಎಂಟು ಮಂದಿ ಆಕಿ ಕಡೆ ಹೋಗ್ಯಾರ."

"ಯಾಕಂತ?"

"ಮೀಟಿಂಗ್‌ನಾಗ ಎಲ್ಲಾ ನಾನೊಬ್ಬಾಕಿನ ಮಾತಾಡ್ತೀನಂತ. ಬ್ಯಾರೆಯವ್ರಿಗೆ ಬಾಯಿ ತೆರಿಯಾಕ ಬಿಡೂದಿಲ್ಲಂತ."

ನೀಲಾಂಬಿಕಾ ಹಿಟ್ಟು ನಾದುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಬಸವಂತನ ಯೂನಿಯನ್ ಇದುವರೆಗೆ ನಾಲ್ಕು ಸಲ ಒಡೆದಿತ್ತು, ನಾಲ್ಕು ಸಲವೂ ಇದೇ ದೂರಿನ ಮೇಲೆ. ಅವನು ದಿವಾನಿನ ಮೇಲೆ ಒಂದು ಗೇಣು ಸರಿದು ಜಾಗ ಮಾಡಿದ.

"ಕುಂದರು," ಎಂದ. "ಇದಕ್ಕೇನ ಮಾಡಬೇಕಂತ ನನಗೂ ಇನ್ನೂ ತಿಳಿದಿಲ್ಲ."