ಸರ್ಕಾರಿ ಎತ್ತಿಗೆ ಮಣ್ಣು ಕೊಟ್ಟ ಕದಿರಪ್ಪ

ಹೊಸೂರಿನಿಂದ ಸೂಳಗಿರಿಗೆ ಹೋಗುವ ದಾರಿಯಲ್ಲಿ ಕೃಷಿ ಇಲಾಖೆಯವರದೊಂದು ಮಾದರಿ ಹೊಲವಿತ್ತು. ಯುದ್ಧದ ಕಾಲ, ಹೆಚ್ಚು ಬೆಳೆಯಿರಿ ಎಂದು ಸರ್ಕಾರ ಊರೂರಿಗೆ ಸಾರುತ್ತಿದ್ದ ವರ್ಷಗಳು. ಆ ಹೊಲ ಯಾವುದಕ್ಕೆ ಮಾದರಿ ಎಂಬುದು ಊರವರಿಗೆ ಕೊನೆಗೂ ತಿಳಿಯಲಿಲ್ಲ. ರಾಗಿ ಅಲ್ಲೂ ಪಕ್ಕದ ಹೊಲಗಳಷ್ಟೇ ಎತ್ತರ ಬೆಳೆಯುತ್ತಿತ್ತು. ಬೋರ್ಡು ಮಾತ್ರ ಎಲ್ಲಕ್ಕಿಂತ ಎತ್ತರವಾಗಿತ್ತು. ಬೋರ್ಡಿಗೆ ವರ್ಷವರ್ಷವೂ ಬಣ್ಣ ಹೊಡೆಸಲು ಮಂಜೂರಾತಿ ಇತ್ತು. ಎತ್ತುಗಳ ಹುಲ್ಲಿಗೂ ಇತ್ತು. ಆದರೆ ಆ ಕಾಗದ ಸೇಲಂಗೆ ಹೋಗಿ, ಅಲ್ಲಿಂದ ಮದರಾಸಿಗೆ ಹೋಗಿ, ಸಹಿ ಹಾಕಿಸಿಕೊಂಡು ಹಿಂದಿರುಗುವ ಹೊತ್ತಿಗೆ ಮುಂಗಾರು ಹಿಡಿದು ಬದುಗಳ ಮೇಲೆ ಹಸಿರು ಹುಲ್ಲೇ ಎದ್ದಿರುತ್ತಿತ್ತು.

ಈ ಹೊಲದ ಎತ್ತಿನ ಆಳು ಕದಿರಪ್ಪ. ಕಾಗದ ಊರು ಸುತ್ತುತ್ತಿದ್ದ ತಿಂಗಳುಗಳಲ್ಲಿ ತನ್ನ ಮನೆಯ ಮೆದೆಯಿಂದ ಹುಲ್ಲು ಹೊತ್ತು ತಂದು ಸರ್ಕಾರದ ಎತ್ತುಗಳನ್ನು ಸಾಕಿದವನು. ಹೆಂಡತಿ ನರಸಮ್ಮ ಇದಕ್ಕೆ ಸುಮ್ಮನಿರುತ್ತಿರಲಿಲ್ಲ.

"ಸರ್ಕಾರ ನಿನ್ನ ಸಾಕ್ತದೋ, ನೀನೇ ಸರ್ಕಾರನ ಸಾಕ್ತಿದೀಯೋ?"

"ಹಸ್ಕೊಂಡಿರೋವು ಎತ್ತುಗಳು ಕಣಮ್ಮಿ. ಸರ್ಕಾರ ಹಸ್ಕೊಂಡಿಲ್ಲ."

ಕದಿರಪ್ಪ ಅಲ್ಲಿ ಹಂಗಾಮಿ ಆಳು. ವರ್ಷ ಮುಗಿದೊಡನೆ ಅವನ ಕೆಲಸವೂ ಮುಗಿಯುತ್ತಿತ್ತು. ಮತ್ತೆ ಹೊಸ ಆರ್ಡರು ಬರುವ ತನಕ ಅವನು ಸಂಬಳವಿಲ್ಲದೆ ಅದೇ ಕೆಲಸ ಮಾಡುತ್ತಿದ್ದ. ಮೀಸೆ ನರೆಯುವವರೆಗೂ ಹೀಗೇ ನಡೆಯಿತು. ಆ ವರ್ಷ ಮಾತ್ರ, ಅವನನ್ನು ಖಾಯಂ ಮಾಡಬಹುದು, ಮುದಿತನಕ್ಕೆ ಪಿಂಚಣಿಯೂ ಉಂಟು ಎಂದು ಮೇಲಿನಿಂದ ಕಾಗದ ಬಂತು. ಒಂದೇ ಷರತ್ತು: ಅವನ ವಶದಲ್ಲಿದ್ದ ಸರ್ಕಾರಿ ಸ್ವತ್ತೆಲ್ಲ ಸರಿಯಾಗಿದೆ ಎಂದು ಆಡಿಟಿನವರು ನೋಡಿ ಒಪ್ಪಬೇಕು. ನರಸಮ್ಮ ಮೊದಲ ಸಲ ಆ ಎತ್ತುಗಳ ಮುಂದೆ ನಿಂತು ಕೈ ಮುಗಿದಳು.

ಹೊಲದ ಮ್ಯಾನೇಜರು ಗೋಪಾಲಪ್ಪನವರು. ಖಾಕಿ ಟೊಪ್ಪಿಗೆ ಇಡುತ್ತಿದ್ದರು. ಬಿಸಿಲಿದ್ದರೂ ಇಲ್ಲದಿದ್ದರೂ ಅದು ತಲೆಯ ಮೇಲಿರುತ್ತಿತ್ತು. ಹೊಲದ ಕಡೆ ಹೋಗುವುದಕ್ಕೆ ಅವರು 'ಕ್ಯಾಂಪು' ಎನ್ನುತ್ತಿದ್ದರು. ಹೊಲ ಅವರ ಆಫೀಸಿನ ಕಿಟಕಿಯಿಂದಲೇ ಕಾಣುತ್ತಿತ್ತು.

ಮಳೆಗಾಲದಲ್ಲಿ ಆ ಜೋಡಿಯ ದೊಡ್ಡ ಎತ್ತಿನ ಗಂಟಲು ಬಾತುಕೊಂಡಿತು. ದನದ ಡಾಕ್ಟರು ಕೃಷ್ಣಗಿರಿಯ ಕಡೆ ಹೋಗಿದ್ದರು. ಹೇಳಿಕಳಿಸಿದರೆ, ಇಂಥ ಎತ್ತು ಕಾಯಿಲೆ ಬಿದ್ದಿದೆ ಎಂದು ಮ್ಯಾನೇಜರು ಬರೆದುಕೊಡಲಿ ಎಂದು ಉತ್ತರ ಬಂತು. ಗೋಪಾಲಪ್ಪನವರು ಬರೆಯಲು ಕುಳಿತರು. ಅವರ ಒಕ್ಕಣೆ ಚೆನ್ನಾಗಿತ್ತು, ಆದ್ದರಿಂದ ತಡವಾಯಿತು. ಅದು ಅಂಚೆಗೆ ಬೀಳುವ ಮೊದಲೇ ಎತ್ತು ಕದಿರಪ್ಪನ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು.

ಕದಿರಪ್ಪನ ಮನೆತನದಲ್ಲಿ ಉತ್ತ ಎತ್ತನ್ನು ಸುಲಿಯಲು ಕೊಡುವ ಪದ್ಧತಿಯಿಲ್ಲ. ಮೈ ತೊಳೆದು, ಅರಿಶಿನ ಬಳಿದು, ಹೂವೇರಿಸಿ, ಅದು ಉತ್ತ ನೆಲದಲ್ಲೇ ಮಣ್ಣು ಕೊಡುತ್ತಾರೆ. ಎತ್ತು ಸರ್ಕಾರದ್ದು ಎಂಬುದು ಆ ಹೊತ್ತಿನಲ್ಲಿ ಅವನಿಗೆ ಹೊಳೆಯಲಿಲ್ಲ. ಪಕ್ಕದ ಹೊಲದ ಪಾಪಯ್ಯ ಮತ್ತು ಊರಿನ ನಾಲ್ಕು ಜನ ಹಾರೆ ಗುದ್ದಲಿ ಹಿಡಿದು ಬಂದರು. ಗೋಪಾಲಪ್ಪನವರೂ ಬಂದರು. ಟೊಪ್ಪಿಗೆ ತೆಗೆದು ನಿಂತರು, ಒಂದು ಹಿಡಿ ಮಣ್ಣೂ ಹಾಕಿದರು. ಅವರ ತಲೆಯಲ್ಲಿ ಕೂದಲಿಲ್ಲವೆಂದು ಊರಿಗೆ ಗೊತ್ತಾದದ್ದು ಅವತ್ತೇ.

ಆಡಿಟಿನವರು ಬಂದಾಗ ಕೊಟ್ಟಿಗೆಯಲ್ಲಿ ಒಂದೇ ಎತ್ತಿತ್ತು. ಅವರು ಸೇಲಂನಿಂದ ಬಂದವರು, ತಮಿಳಿನವರು. ಕದಿರಪ್ಪನಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೂ ಗೋಪಾಲಪ್ಪನವರು ಪ್ರತಿ ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದರು. ತಾವು ಅಲ್ಲಿ ನಿಂತದ್ದಕ್ಕೆ ಒಂದು ಕಾರಣ ಬೇಕಲ್ಲ.

"ಸತ್ತ ಎತ್ತಿನ ಚರ್ಮ ಎಲ್ಲಿ ಅಂತ ಕೇಳ್ತಾರೆ."

"ಚರ್ಮ ಎತ್ತಿನ ಮೇಲೇ ಅದೆ ಸ್ವಾಮಿ."

"ಚರ್ಮ ಸರ್ಕಾರದ್ದು. ಹರಾಜು ಹಾಕಬೇಕಿತ್ತು. ಡಾಕ್ಟರ ಸರ್ಟಿಫಿಕೇಟೂ ಇಲ್ಲ. ಎತ್ತು ಸತ್ತಿದೆ ಅನ್ನೋದಕ್ಕೆ ಗುರುತೇನು?"

"ಎಲ್ಲಾರೂ ಇದ್ರು ಸ್ವಾಮಿ. ತಾವೂ ಇದ್ರಿ."

ಈ ಒಂದು ಮಾತನ್ನು ಮಾತ್ರ ಗೋಪಾಲಪ್ಪನವರು ತಮಿಳಿಗೆ ತಿರುಗಿಸಲಿಲ್ಲ. ಆಕಾಶ ನೋಡಿ, ಮೋಡ ಆಗ್ತಿದೆ ಎಂದರು. ಟೊಪ್ಪಿಗೆಯನ್ನು ಇನ್ನೂ ಸ್ವಲ್ಪ ಕೆಳಕ್ಕೆ ಎಳೆದುಕೊಂಡರು. ಕದಿರಪ್ಪ ಅದನ್ನು ನೋಡಿದ. ಆಮೇಲೆ ಅವರ ಹೆಸರೆತ್ತಲಿಲ್ಲ.

ಆಡಿಟಿನವರು ಕೆಟ್ಟವರಲ್ಲ. ಸ್ವಲ್ಪ ಯೋಚಿಸಿ ಒಂದು ದಾರಿಯನ್ನೂ ಹುಡುಕಿಕೊಟ್ಟರು. ಹೂಳಿದ್ದನ್ನು ಅಗೆಯಲಿ. ಕೊಂಬಿಗೆ ಸುಟ್ಟ ಇಲಾಖೆಯ ಮುದ್ರೆ ನೋಡಿದರೆ ಸಾಕು. ಚರ್ಮದ ಬೆಲೆ ಹಿಡಿದುಕೊಂಡು ಉಳಿದದ್ದನ್ನು ಮಾಫಿ ಮಾಡಬಹುದು, ಕದಿರಪ್ಪನ ಖಾಯಂ ಕಾಗದಕ್ಕೂ ತಾವು ಅಡ್ಡ ಬರುವುದಿಲ್ಲ. ಕೇಳದೆ ಹೂಳಿದವನು ಅವನಾದ್ದರಿಂದ ಅಗೆಯುವವನೂ ಅವನೇ ಆಗಬೇಕು.

ಗೋಪಾಲಪ್ಪನವರಿಗೆ ಜೀವ ಬಂತು. "ಅಗ್ದ್‌ಬಿಡು ಕದಿರಪ್ಪ. ಒಂದು ಗಳಿಗೆ ಕೆಲಸ. ಸಾಯೋ ತನಕ ಪಿಂಚಣಿ."

ಬದುವಿನ ಆಚೆ ನಿಂತಿದ್ದ ಪಾಪಯ್ಯ ಕೂಗಿದ: "ಮಣ್ಣು ಕೊಟ್ಟದ್ನ ಎತ್ತೋರು ಎಲ್ಲಾದ್ರೂ ಉಂಟೇನ್ರಪ್ಪಾ?"

"ನೀನು ಸುಮ್ನಿರಯ್ಯ, ಇದು ಇಲಾಖೆ ವಿಷಯ," ಎಂದರು ಗೋಪಾಲಪ್ಪನವರು.

ಕದಿರಪ್ಪ ಗುದ್ದಲಿ ತೆಗೆದುಕೊಂಡು ಹೋದ. ಮಣ್ಣು ಇನ್ನೂ ಉಬ್ಬಿಕೊಂಡೇ ಇತ್ತು. ಒಂದು ಏಟು ಹಾಕಿದ. ಗುದ್ದಲಿ ಸಲೀಸಾಗಿ ಇಳಿಯಿತು, ಮಣ್ಣಿನ ಜೊತೆ ಒಣಗಿದ ಕಣಗಿಲೆ ಹೂವು ಮೇಲೆ ಬಂತು. ಅವನು ಬಗ್ಗಿ ಅದನ್ನೆತ್ತಿಕೊಂಡು ಮಣ್ಣು ಕೊಡವಿದ. ಆಮೇಲೆ ಹೂವನ್ನು ಒಳಕ್ಕೆ ಹಾಕಿ, ಮಣ್ಣನ್ನು ಕಾಲಿನಿಂದ ಮುಚ್ಚಿ ತುಳಿದು, ಹಿಂದಿರುಗಿ ಬಂದ. ಈ ಸಲ ತಮಿಳಲ್ಲೇ ಹೇಳಿದ. ಎತ್ತು ಅಲ್ಲಿಲ್ಲ, ತಾನು ಅದನ್ನು ಮಾರಿಬಿಟ್ಟೆ ಎಂದ.

"ಎಲ್ಲಿ?"

"ಸಂತೆಯಲ್ಲಿ."

"ಯಾರಿಗೆ?"

"ಗುರುತಿಲ್ಲ ಸ್ವಾಮಿ."

ಅದು ಸುಳ್ಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಬಹುಶಃ ಆಡಿಟಿನವರಿಗೂ. ಆದರೆ ಇಲಾಖೆಯ ನಿಯಮಗಳಲ್ಲಿ ಕಳವಿಗೆ ಒಂದು ಕಲಂ ಇತ್ತು. ಅರಿಶಿನ ಬಳಿದು ಹೂಳಿದ್ದಕ್ಕೆ ಇರಲಿಲ್ಲ. ಅಲ್ಲಿಯ ತನಕ ಎಲ್ಲೂ ನಿಲ್ಲದೆ ತೇಲುತ್ತಿದ್ದ ಎತ್ತಿಗೆ ಕಾಗದದ ಮೇಲೆ ಕಾಲೂರಲು ಜಾಗ ಸಿಕ್ಕಿತು. ಪೊಲೀಸರಿಗೆ ಕೊಟ್ಟರೆ ಪತ್ರವ್ಯವಹಾರ ಜಾಸ್ತಿಯಾಗುತ್ತದೆ ಎಂದು ಕೊಡಲಿಲ್ಲ. ಕೆಲಸದಿಂದ ಮಾತ್ರ ತೆಗೆದರು. ಕದಿರಪ್ಪ ಕಳವಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಗುದ್ದಲಿ ತೊಳೆದು ಅದರ ಜಾಗದಲ್ಲಿಟ್ಟು, ಮನೆಗೆ ಹೋದ. ಆ ಗುದ್ದಲಿಯೂ ಸರ್ಕಾರದ್ದೇ.

ನರಸಮ್ಮ ಅಳಲಿಲ್ಲ. "ಕಳ್ಳ ಅನ್ನಿಸ್ಕೊಂಡು ಬಂದೆಯಾ?" ಎಂದಳು.

"ಅದನ್ನ ಅಗೀಲಾರ್ದೆ ಹೋದೆ ಕಣಮ್ಮಿ."

"ನನ್ನ ಕೇಳಿದ್ರೆ ನಾನು ಅಗೀತಿದ್ದೆ," ಎಂದಳು. ಆ ಮಾತು ಅವರಿಬ್ಬರ ನಡುವೆ ಬಹಳ ಕಾಲ ಹಾಗೇ ಬಿದ್ದಿತ್ತು.

ಜೊತೆಯಿಲ್ಲದ ಒಂಟಿ ಎತ್ತನ್ನು ಇಲಾಖೆ ಹರಾಜು ಹಾಕಿತು. ಎತ್ತಿಲ್ಲದ ಮೇಲೆ ಎತ್ತಿನ ಆಳೇಕೆ ಎಂದು ಆ ಖಾಯಂ ಹುದ್ದೆಯನ್ನೇ ರದ್ದು ಮಾಡಿತು. ಉಳಿತಾಯ ತೋರಿಸಿದ್ದಕ್ಕೆ ಗೋಪಾಲಪ್ಪನವರಿಗೆ ಬಡ್ತಿಯಾಗಿ ಧರ್ಮಪುರಿಗೆ ವರ್ಗವಾಯಿತು. ಕದಿರಪ್ಪ ಕೂಲಿಗೆ ಹೋಗತೊಡಗಿದ. ಮೊದಮೊದಲು ಊರವರು ಅಯ್ಯೋ ಪಾಪ ಎಂದರು. ಕ್ರಮೇಣ, ಅವತ್ತು ಹಾರೆ ಹಿಡಿದಿದ್ದವರ ಬಾಯಲ್ಲೇ 'ಎತ್ತು ಮಾರ್ಕೊಂಡ ಕದಿರಪ್ಪ' ಎಂದು ಬರತೊಡಗಿತು. ಸರ್ಕಾರ ಹೇಳಿದ್ದನ್ನು ನಾಲ್ಕು ವರ್ಷ ಕೇಳಿದರೆ ಕಣ್ಣಾರೆ ಕಂಡದ್ದೂ ಮಾಸುತ್ತದೆ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಹೊಲಕ್ಕೆ ಹೊಸ ಜೋಡಿ ಎತ್ತು ಬಂದವು, ಹೊಸ ಮ್ಯಾನೇಜರೂ ಬಂದರು. ಚಿಕ್ಕ ವಯಸ್ಸು, ಖಾದಿ ಅಂಗಿ. ಆಳು ಬೇಕೆಂದು ಟಾಂಟಾಂ ಹಾಕಿಸಿದರು. ನರಸಮ್ಮನೇ ಗಂಡನ ಪಂಚೆ ಒಗೆದು ಕಳಿಸಿದಳು.

"ಮುಂಚೆ ಎಲ್ಲಾದರೂ ಸರ್ಕಾರಿ ಕೆಲಸ ಮಾಡಿದ್ದೀರಾ?" ಎಂದು ಹೊಸಬರು ಮರ್ಯಾದೆಯಿಂದಲೇ ಕೇಳಿದರು.

ಮಾಡಿದ್ದೇನೆ ಎಂದರೆ ಹಳೆಯ ಕಾಗದ ತೆಗೆಸುತ್ತಾರೆ. ಕಾಗದದಲ್ಲಿ ಅವನು ಕಳ್ಳ. ಕಳ್ಳನಲ್ಲ ಎಂದರೆ ಮತ್ತೆ ಗುದ್ದಲಿ ತರಿಸುತ್ತಾರೆ.

"ಇಲ್ಲ ಸ್ವಾಮಿ," ಎಂದ ಕದಿರಪ್ಪ.

"ಹಾಗಾದರೆ ಕಷ್ಟ. ಬೆಲೆಬಾಳೋ ಎತ್ತುಗಳು ನೋಡಿ. ಅಭ್ಯಾಸ ಇಲ್ಲದವರ ಕೈಗೆ ಕೊಡೋಕಾಗಲ್ಲ."

ಅವನು ಕೈಮುಗಿದು ಹೊರಗೆ ಬಂದ. ನರಸಮ್ಮ ಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರು?"

"ಎತ್ತು ಚೆನ್ನಾಗವೆ," ಎಂದು ಹೇಳಿ, ಒಗೆದ ಪಂಚೆ ಬಿಚ್ಚಿ ಮಡಿಸಿಟ್ಟು, ಕೂಲಿಗೆ ಹೋದ.