ಅಡ್ಡ ಮಲಗಿದ ಕೂಸು, ಜರ್ಮನಿಯ ಕೈ

ಗಂಗಾವತಿಯಲ್ಲಿ ಹೆರಿಗೆ ಡಾಕ್ಟರಾಗಿ ಇಷ್ಟು ವರ್ಷವಾದರೂ ಒಂದು ಸಂಗತಿಯ ಬಗ್ಗೆ ನನ್ನ ಬೆರಗು ಇಳಿದಿಲ್ಲ. ಎರಡು ಶತಮಾನದ ಹಿಂದೆ, ಸ್ಕ್ಯಾನಿಂಗ್ ಇಲ್ಲದ, ಹೊಟ್ಟೆ ಕೊಯ್ದರೆ ತಾಯಿ ಉಳಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ, ಜರ್ಮನಿಯ ಒಬ್ಬ ಹೆರಿಗೆ ವೈದ್ಯ ಬಸುರಿಯ ಹೊಟ್ಟೆಯ ಮೇಲೆ ಬರಿಗೈ ಇಟ್ಟು, ಅಡ್ಡ ಮಲಗಿದ ಕೂಸನ್ನು ಹೊರಗಿನಿಂದಲೇ ತಿರುಗಿಸಬಹುದು ಎಂದು ಹೇಳಿಕೊಟ್ಟ. ಬೇರೆಯವರು ಒಳಗೆ ಕೈ ಹಾಕಿ ಕಾಲು ಹಿಡಿದು ಎಳೆಯುತ್ತಿದ್ದಾಗ ಈ ಪುಣ್ಯಾತ್ಮ ತಾಯಿಯನ್ನು ಮಗ್ಗುಲಾಗಿ ಮಲಗಿಸಿ, ಕಾದು, ಮೆತ್ತಗೆ ಒತ್ತುತ್ತಿದ್ದ. ಎಂಥಾ ಧೈರ್ಯ, ಎಂಥಾ ತಾಳ್ಮೆ! ನನಗೆ ಆ ತಾಳ್ಮೆಯೇ ಇಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಮೊನ್ನೆ ಹತ್ತಿರದ ಮರಳಿ ಎಂಬ ಹಳ್ಳಿಯಿಂದ ಚೊಚ್ಚಲ ಬಸುರಿಯೊಬ್ಬಳನ್ನು ಅವಳ ಅತ್ತೆ ಕರೆತಂದಳು. ಸೀಮಂತದ ಕುಬಸದಲ್ಲಿ ತೊಡಿಸಿದ ಹಸಿರು ಬಳೆ ಇನ್ನೂ ಕೈತುಂಬ ಇದ್ದವು. ದಿನ ತುಂಬುತ್ತ ಬಂದಿತ್ತು, ಕೂಸು ಅಡ್ಡ. ಹಾಗೇ ನೋವು ಬಂದು ನೀರೊಡೆದರೆ ಕೂಸಿನ ಜೀವಕ್ಕೇ ಕುತ್ತು. ಹೊರಗಿನಿಂದ ತಿರುಗಿಸಿ ನೋಡುತ್ತೇನೆ, ಆಗದಿದ್ದರೆ ಆಪರೇಷನ್ ಎಂದೆ.

ಅತ್ತೆ ಹೌಹಾರಿದಳು. "ಏನಂತೀರಿ ಅಮ್ಮಾರ! ಬಸುರಿ ಮಗ್ಗಲಾ ಬದಲಿಸಬೇಕಂದ್ರ ಎದ್ದು ಕುಂತು ಬದಲಿಸಬೇಕು. ಮಲಕೊಂಡಲ್ಲೇ ಹೊರಳಿದ್ರ ಹೊಕ್ಕಳಬಳ್ಳಿ ಕೂಸಿನ ಕುತ್ತಿಗಿಗೆ ಸುತ್ತತೈತಿ. ನೀವು ಕೂಸನ್ನ ಹೊರಳಸ್ತೀನಿ ಅಂತೀರಲ್ರಿ!"

"ಅದೆಲ್ಲಾ ಹಳೀ ಮಾತು ಬಿಡ್ರೆಮ್ಮಾ," ಎಂದು ಗದರಿದೆ.

"ನಂದೊಂದು ಕೂಸು ಹಿಂಗ ಅಡ್ಡ ಬಂದು ಹೋತ್ರಿ. ಮೊದಲ ಕೈ ಬಂತು. ಆ ಕೈ ಇನ್ನೂ ನನ್ನ ಕಣ್ಣಾಗ ಐತಿ," ಎಂದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ! ಕುಳ್ಳಿರಿಸಿಕೊಂಡು ಆ ಜರ್ಮನಿಯವನ ಸಂಗತಿ ಹೇಳಿದೆ. ಪೂರ್ತಿ ಕೇಳಿದ ಮೇಲೆ, "ಮಾಡ್ರಿ. ಆದ್ರ ಅಕಿ ಎದ್ದು ಕುಂತೇ ಮಗ್ಗಲಾಗ್ಲಿ," ಎಂದಳು. ಆಗಲಿ ಎಂದೆ, ಅದರಿಂದ ನನಗೇನು ಕಷ್ಟ?

ಬೇಕಾದರೆ ಇರಲೆಂದು ಆಪರೇಷನ್ ಥಿಯೇಟರ್ ಸಜ್ಜಾಗಿತ್ತು. ಸೊಸೆ ಎದ್ದು ಕೂತು, ಆಮೇಲೆ ಎಡಮಗ್ಗುಲಾದಳು. ಒಂದು ಅಂಗೈ ಕೂಸಿನ ತಲೆಗೆ, ಇನ್ನೊಂದು ಕುಂಡೆಗೆ ಕೊಟ್ಟು ಒತ್ತಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇನ್ನಷ್ಟು ಒತ್ತಿದಾಗ ಮಷೀನಿನಲ್ಲಿ ಕೂಸಿನ ಎದೆಬಡಿತ ಇಳಿಯಿತು. ಗಕ್ಕನೆ ಕೈ ತೆಗೆದೆ. ಬಡಿತ ನಿಧಾನಕ್ಕೆ ಮೊದಲಿನಂತಾಯಿತು.

"ಮತ್ತೊಮ್ಮಿ ಎದ್ದು ಕುಂದ್ರವ್ವಾ," ಎಂದು ಅತ್ತೆ ಸೊಸೆಯ ಬೆನ್ನಿಗೆ ಕೈ ಕೊಟ್ಟಳು. ಸೊಸೆ ಪುನಃ ಮಗ್ಗುಲಾದಳು. ಈ ಸಲ ಕಾದೆ, ನಾನು! ಹೊಟ್ಟೆ ಸಡಿಲಾಗುವ ತನಕ ಕಾದು ಮೆತ್ತಗೆ ಒತ್ತಿದೆ. ಕೂಸು ನಿದ್ದೆಯಲ್ಲಿ ಹೊರಳಿದ ಹಾಗೆ ನನ್ನ ಕೈಯಡಿ ತಿರುಗಿತು. ಮಷೀನಿನಲ್ಲಿ ಬಡಿತ ಸರಿಯಾಗಿಯೇ ಇತ್ತು.

ಅತ್ತೆಯ ಕೈ ಹಿಡಿದು ಸೊಸೆಯ ಕೆಳಹೊಟ್ಟೆಯ ಮೇಲಿಟ್ಟೆ. ಗುಂಡಗೆ, ಗಟ್ಟಿಯಾಗಿ ಕೂಸಿನ ತಲೆ. ಅವಳು ಕೈ ತೆಗೆಯಲೇ ಇಲ್ಲ. ಕಣ್ಣೀರು ದಳದಳ ಇಳಿಯುತ್ತಿತ್ತು.

"ಅಮ್ಮಾರ, ನನ್ನ ಹೆರಿಗಿ ಹೊತ್ತಿನ್ಯಾಗ ಆ ಪುಣ್ಯಾತ್ಮ ಎಲ್ಲಿದ್ದನ್ರಿ?"

ಆಗಲೂ ಅವನು ಡಾಕ್ಟರರ ಪುಸ್ತಕದಲ್ಲಿ ಇದ್ದ, ಮರಳಿಯ ತನಕ ಬಂದಿರಲಿಲ್ಲ. ಅವಳ ಕೈಯ ಮೇಲೆ ನನ್ನ ಕೈಯನ್ನೂ ಇಟ್ಟೆ.